ಏಳು ಸೀಟಿಯ ಜೋಳ

ದಣಿದು ಮನೆಗೆ ಬಂದು ಮಗಳಿಗೆ ಸ್ವೀಟ್ ಕಾರ್ನ್ ಬೇಯಿಸುವಾಗಲೆಲ್ಲ, ಬೆಣ್ಣೆ ಮೆಣಸಿನ ವಾಸನೆಗೆ ಹೊಳಲ್ಕೆರೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಹಿಂದಿನ ದಿನ ಶಾಲೆಯವರ ಜೊತೆ ವಾಟರ್ ಪಾರ್ಕಿಗೆ ಹೋಗಿ ಬಂದಿದ್ದ ನಾನು, ಅಲ್ಲಿ ಕಪ್ಪಿನಲ್ಲಿ ಕೊಟ್ಟ ಬೆಣ್ಣೆಜೋಳವೇ ಬೇಕೆಂದು ಹಟ ಹಿಡಿದಿದ್ದೆ. "ಮೆಕ್ಕೆಜೋಳ ತಾನೆ, ಮನ್ಯಾಗೇ ಐತಲ್ಲ" ಎಂದಳು ಅವ್ವ. ಬೆಳಗಿನಿಂದ ತೆನೆ ಬಿಡಿಸಿ ಬೊಬ್ಬೆ ಎದ್ದ ಕೈಯಲ್ಲೇ, ಕೋಳಿ ಮೇವಿಗೆ ಮಾರಲು ಒಣಗಿಸಿದ್ದ ಕಾಳನ್ನು ಕುಕ್ಕರಿಗೆ ಹಾಕಿದಳು. ಏಳು ಸೀಟಿ ಕೂಗಿತು. ಬೆಣ್ಣೆ, ಮೆಣಸಿನಪುಡಿ ಕಲಸಿ ಸ್ಟೀಲ್ ಲೋಟದಲ್ಲಿ ಕೊಟ್ಟು, ಗೋಡೆಗೊರಗಿ ಕಣ್ಣು ಮುಚ್ಚಿದಳು. ಕಾಳು ಹಲ್ಲಿಗೆ ಬಗ್ಗಲಿಲ್ಲ. ಸದ್ದಿಲ್ಲದೆ ಹಿತ್ತಲಿನ ಕೋಳಿಗಳಿಗೆ ಸುರಿದು ಬಂದೆ.

"ಚೆನ್ನಾಗಿತ್ತವ್ವ" ಎಂದೆ.

ಅವ್ವ ಕಣ್ಣು ತೆರೆಯಲಿಲ್ಲ. "ನಾಳೆ ಇನ್ನೆರಡು ಸೀಟಿ ಜಾಸ್ತಿ ಕೂಗಿಸ್ತೀನಿ ಬಿಡು" ಎಂದಳು.