ಹತ್ತು ನಿಮಿಷದ ಕಡಲು

ನಮ್ಮ ಬಿಲ್ಡಿಂಗ್‌ನ ಬಾಗಿಲುಗಳಿಗೆ ಇವತ್ತು ವಾರ್ನಿಶ್ ಬಳಿಯುತ್ತಿದ್ದಾರೆ. ಆ ವಾಸನೆಗೆ ಒಂದು ಮಧ್ಯಾಹ್ನ ನೆನಪಾಗುತ್ತದೆ.

ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದಿದ್ದ ಅಪ್ಪ ದೋಣಿ ರಿಪೇರಿ ಮಾಡುವ ಬಡಗಿ. ಅವನಿಗೆ ಈಜು ಬರುತ್ತಿರಲಿಲ್ಲ. ಶಾಲೆಗೆ ರಜೆಯೆಂದು ಅಂದು ನಾನೂ ಅವನ ಜೊತೆಗೆ ಕೆಲಸದ ಜೆಟ್ಟಿಗೆ ಹೋಗಿದ್ದೆ. ಅಪ್ಪ ರಿಪೇರಿ ಮಾಡಿ ವಾರ್ನಿಶ್ ಬಳಿದಿದ್ದ ತಮ್ಮ ಹಾಯಿದೋಣಿ ಒಯ್ಯಲು ಕಾರವಾರದ ಕ್ಯಾಪ್ಟನ್ ಒಬ್ಬರು ಬಂದರು. ಹಿಂದಿನ ವರ್ಷ ಸಾಗರ ದಾಟುವ ಪಂದ್ಯದಲ್ಲಿ ಆ ದೋಣಿ ಮಗುಚಿ, ಅವರು ಎರಡು ದಿನ ಅದಕ್ಕೇ ಜೋತುಬಿದ್ದಿದ್ದರಂತೆ. ಎಡಗೈಯ ಎರಡು ಬೆರಳು ಹೋಗಿದ್ದವು.

“ಮತ್ತ ಅದೇ ಪಂದ್ಯಕ್ಕ ಹೊಂಟೀರಿ?” ಅಪ್ಪನ ದನಿ ಗಡುಸಾಗಿತ್ತು. “ಜೀವ ಬ್ಯಾಡೇನ್ರಿ ನಿಮಗ?”

“ಬೇಕು ಮಾರಾಯ. ಯಾಕೆ ಹೋಗ್ತೆ ಅಂತ ಹೇಳ್ಲಿಕ್ಕೆ ಬರೂದಿಲ್ಲ. ಹತ್ತು ನಿಮಿಷ ಬಾ, ತೋರಿಸ್ತೆ.”

ಅಪ್ಪ ಚಪ್ಪಲಿ ಬಿಟ್ಟು, ಲೈಫ್ ಜಾಕೆಟ್ ತೊಟ್ಟು ಹತ್ತಿದ.

ಹಾಯಿ ಗಾಳಿ ತುಂಬಿಕೊಂಡಿತು. ದೋಣಿ ಒಂದು ಬದಿಗೆ ವಾಲಿ ಓಡತೊಡಗಿದಾಗ ನಾನು ಜೆಟ್ಟಿಯ ಮೇಲಿಂದ ಅಪ್ಪಾ ಎಂದು ಕಿರುಚಿದೆ. ಅವನು ತಿರುಗಿ ನೋಡಲಿಲ್ಲ.

ಹತ್ತು ನಿಮಿಷ ಒಂದು ಗಂಟೆಯಾಯಿತು. ಮರಳಿ ಬಂದಾಗ ಅಂಗಿ ತೊಯ್ದು ಮೈಗೆ ಅಂಟಿತ್ತು, ಮೀಸೆಯ ಮೇಲೆ ಉಪ್ಪು. ನನ್ನ ಕಣ್ಣೀರು ಒರೆಸುತ್ತ, ತಾನು ಮಾತ್ರ ಇನ್ನೂ ನೀರಿನ ಕಡೆಗೇ ನೋಡುತ್ತ, ಅಪ್ಪ ಮೆಲ್ಲಗೆ ಹೇಳಿದ: “ಅವ್ವಗ ಹೇಳಬ್ಯಾಡ.”