ಅಯಾನ್ ಫ್ಯಾನಿನ ಎದುರು

ಲೋಕದ ಗಾಳಿಯ ತೇವವೆಲ್ಲ ಆರಿಹೋದಾಗಿನಿಂದ ಎಲ್ಲರ ಮೈಯಲ್ಲೂ ವಿದ್ಯುತ್ ತುಂಬಿಕೊಂಡು, ಯಾರು ಯಾರನ್ನು ಮುಟ್ಟಿದರೂ ಕಿಡಿ ಹಾರಿ ಚರ್ಮ ಸುಡುತ್ತದೆ. ಸರ್ಕ್ಯೂಟ್ ಬೋರ್ಡ್ ಕಾರ್ಖಾನೆಯ ಮೇಜಿನ ಅಯಾನ್ ಫ್ಯಾನಿನ ಎದುರು ಮಾತ್ರ ಮೈಯ ವಿದ್ಯುತ್ ಇಳಿಯುತ್ತದೆ; ಫ್ಯಾನ್ ನಿಂತರೆ ಮತ್ತೆ ಏರುತ್ತದೆ. ಊಟದ ಬಿಡುವಿನಲ್ಲಿ ಜಯಶೀಲಾ ಮಗುವಿಗೆ ಹಾಲೂಡಿಸುವುದು ಅಲ್ಲೇ.

ಇವತ್ತು ಅವಳು ಮಗುವಿದ್ದ ಬುಟ್ಟಿಗೆ ಕೈ ಚಾಚುವಷ್ಟರಲ್ಲಿ ಸೂಪರ್‌ವೈಸರ್ ಶಿವಲಿಂಗಯ್ಯ ಫ್ಯಾನ್ ಆರಿಸಿದ.

"ಇದು ಬೋರ್ಡಿಗೆ ಇರೋದು ಕಣಮ್ಮ, ಮಕ್ಕಳಿಗಲ್ಲ."

"ಹಸಿದು ಅಳ್ತಿದೆ ಸಾರ್. ಈಗ ಮುಟ್ಟಿದ್ರೆ ಸುಡುತ್ತೆ."

"ಅಳಲಿ ಬಿಡು."

ಜಯಶೀಲಾ ಹಲ್ಲು ಕಚ್ಚಿ, ಸಿದ್ಧವಾಗಿದ್ದ ಬೋರ್ಡೊಂದರ ಮೇಲೆ ಬೆರಳಿಟ್ಟಳು. ಚಟ್ ಎಂದು ಕಿಡಿ ಹಾರಿ, ಬೋರ್ಡು ಸುಟ್ಟು ಹೊಗೆಯೆದ್ದಿತು. ಬೆರಳು ಇನ್ನೊಂದರತ್ತ ಹೊರಳಿತು.

"ಏಯ್, ಹುಚ್ಚು ಹಿಡಿದಿದೆಯಾ!" ಶಿವಲಿಂಗಯ್ಯ ಗಾಬರಿಯಿಂದ ಫ್ಯಾನ್ ಹಾಕಿದ.

ಜಯಶೀಲಾ ಮಗುವನ್ನು ಎದೆಗೆತ್ತಿಕೊಂಡಳು. ಇನ್ನೊಂದು ಕೈಯನ್ನು ಬೋರ್ಡುಗಳ ಮೇಲೆಯೇ ಚಾಚಿ ಹಿಡಿದಳು.

"ಇದು ಕುಡಿದು ಮುಗಿಸೋವರೆಗೂ ಆ ಸ್ವಿಚ್ ಮುಟ್ಟಬೇಡಿ."