ಅಕ್ಕನ ಮನೆಗೆ ಹೋಗಿಬಂದವಳು

ಹುಬ್ಬಳ್ಳಿಯಲ್ಲಿ ಈಗ ಕಷ್ಟದ ಮಾತುಕತೆಗೆಲ್ಲ ಜನ ತಮ್ಮಂತೆಯೇ ಇರುವ ಯಂತ್ರದ ಪ್ರತಿರೂಪವನ್ನು ಕಳಿಸುವುದು ರೂಢಿ. ಖಾರ ನಾಲಿಗೆಯ ಅಕ್ಕ ಚೆನ್ನಕ್ಕನ ಮನೆಗೆ ಕಸ್ತೂರಿಯೂ ವರ್ಷಗಟ್ಟಲೆ ತನ್ನದನ್ನೇ ಕಳಿಸಿದ್ದಳು. ಅಕ್ಕ ಎದೆಯ ಆಪರೇಷನ್ ಒಲ್ಲೆನೆಂದು ಹಟ ಹಿಡಿದಾಗ ಮಾತ್ರ, ಮನಸ್ಸು ತಡೆಯದೆ ತಾನೇ ಹೋದಳು.

"ಈಗ ನೆನಪಾತೇನ ಅಕ್ಕನ ಮನಿ?" ಎಂದಳು ಚೆನ್ನಕ್ಕ. ಅಷ್ಟಕ್ಕೇ ಕಸ್ತೂರಿ ಹೊರಡಲು ಎದ್ದು ನಿಂತಳು.

"ಹೋಗವ್ವಾ," ಅಕ್ಕನ ದನಿ ಮೆತ್ತಗಾಯಿತು. "ನಾಳೆ ಅಕಿನ್ನ ಕಳಸು. ನಾ ಎಷ್ಟ ಬೈದ್ರೂ ಅಕಿ ಎದ್ದ ಹೋಗಂಗಿಲ್ಲ."

ಮರುದಿನ ಹೋದ ಪ್ರತಿರೂಪ ಸಂಜೆಗೆ ಮರಳಿತು.

"ಅಕ್ಕ ಏನಂದ್ಲು?" ಕಸ್ತೂರಿ ಕೇಳಿದಳು.

"ಆಪರೇಷನ್‌ಗೆ ಒಪ್ಪಿದ್ಲು. ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಭಾಳ ಹೊತ್ತು ಅತ್ಲು."

ಒಡಹುಟ್ಟಿದ ಅಕ್ಕ ಅತ್ತದ್ದನ್ನು ಕಸ್ತೂರಿ ಒಮ್ಮೆಯೂ ಕಂಡವಳಲ್ಲ.